ಚೀಟಿ ಎತ್ತಿ ಹಳ್ಳಿಗಳನ್ನು ಆರಿಸುವುದು ನ್ಯಾಯವೇ?

ಪ್ರಶ್ನೆ

ರಾಯಚೂರು ಜಿಲ್ಲೆಯಲ್ಲಿ ಕಡುಬಡ ಮಹಿಳೆಯರಿಗೆ ಮೇಕೆಗಳನ್ನು ಕೊಟ್ಟು ಸಾಕಣೆಯ ತರಬೇತಿ ನೀಡುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. 40 ಹಳ್ಳಿಗಳಿಂದ ಬೇಡಿಕೆ ಬಂದಿದೆ, ಈ ವರ್ಷದ ಹಣ 20 ಹಳ್ಳಿಗಳಿಗಷ್ಟೇ ಸಾಕು. ಚೀಟಿ ಎತ್ತಿ 20ನ್ನು ಆರಿಸಿ, ಉಳಿದ ಊರುಗಳಲ್ಲೂ ಸಮೀಕ್ಷೆ ಮಾಡಿ ಹೋಲಿಸೋಣ ಎಂದು ಹಣ ಕೊಡುವವರು ಹೇಳುತ್ತಿದ್ದಾರೆ. ಅಷ್ಟೇ ಬಡವಳಾದ ಹೆಣ್ಣುಮಗಳ ಮನೆಗೆ ಹೋಗಿ, ನಿನ್ನೆ ಏನು ಉಂಡಿರಿ, ಸಾಲ ಎಷ್ಟಿದೆ ಎಂದೆಲ್ಲ ಕೇಳಿ, ಏನನ್ನೂ ಕೊಡದೆ ಎದ್ದು ಬರುವುದನ್ನು ನೆನೆದರೆ ಸಂಕಟವಾಗುತ್ತದೆ. ಮೇಕೆ ಪಡೆದವರ ಆದಾಯವನ್ನು ಕೊಡುವ ಮೊದಲೊಮ್ಮೆ, ಆಮೇಲೊಮ್ಮೆ ಅಳೆದರೆ ಸಾಲದೇ?

ಉತ್ತರ 1

ನಿಮ್ಮ ಸಂಕಟ ಸಹಜವಾದದ್ದೇ. ಆದರೆ ಹೇಗೆ ಆರಿಸಿದರೂ ಈ ವರ್ಷ 20 ಊರುಗಳು ಹೊರಗುಳಿಯುತ್ತವೆ; ಚೀಟಿ ಎತ್ತದಿದ್ದರೆ ಡಾಂಬರು ರಸ್ತೆಗೆ ಹತ್ತಿರವಿರುವ, ಪಂಚಾಯಿತಿಯಲ್ಲಿ ಮಾತು ನಡೆಯುವವರಿರುವ ಊರುಗಳೇ ಮುಂದೆ ಬರುತ್ತವೆ. ಮಕ್ಕಳನ್ನು ಶಾಲೆಗೂ ಆರೋಗ್ಯ ತಪಾಸಣೆಗೂ ಕಳಿಸುವ ಬಡ ಕುಟುಂಬಗಳಿಗೆ ನಗದು ಕೊಡುವ ಪ್ರೊಗ್ರೆಸಾ ಯೋಜನೆಯನ್ನು ಮೆಕ್ಸಿಕೊ ಸರ್ಕಾರ 1997ರಲ್ಲಿ ಆರಂಭಿಸಿದಾಗ, ಅಧ್ಯಯನಕ್ಕೆ ಆರಿಸಿದ 506 ಹಳ್ಳಿಗಳ ಪೈಕಿ 320ಕ್ಕೆ ಮೊದಲು ಕೊಟ್ಟು, ಉಳಿದ 186ನ್ನು ಹೋಲಿಕೆಗೆ ಇಟ್ಟುಕೊಂಡು, ಆಮೇಲೆ ಅವುಗಳನ್ನೂ ಸೇರಿಸಿಕೊಂಡಿತು. ನೀವೂ ಎರಡನೆಯ ಸರದಿಯ ಹಣಕ್ಕೆ ಈಗಲೇ ಲಿಖಿತ ಒಪ್ಪಿಗೆ ಪಡೆಯಿರಿ. ಅದಿಲ್ಲದೆ ಚೀಟಿ ಎತ್ತುವುದನ್ನು ನಾನು ಒಪ್ಪುವುದಿಲ್ಲ.

ಉತ್ತರ 2

ಮೊದಲು ಮತ್ತು ಆಮೇಲಿನ ಅಳತೆ ಏಕೆ ಸಾಲದು ಎಂಬುದಕ್ಕೆ ಪಕ್ಕದ ತೆಲಂಗಾಣದ ಮೇದಕ್ ಪ್ರದೇಶವೇ ಸಾಕ್ಷಿ. ಅಲ್ಲಿ ಕಡುಬಡ ಕುಟುಂಬಗಳಿಗೆ ಜಾನುವಾರು ಮತ್ತು ತರಬೇತಿ ನೀಡಿದ, ಹೆಚ್ಚುಕಡಿಮೆ ನಿಮ್ಮಂಥದೇ ಕಾರ್ಯಕ್ರಮವನ್ನು ಯಾದೃಚ್ಛಿಕ ಪ್ರಯೋಗದ ಮೂಲಕ, ಅಂದರೆ ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿದಂತೆ ಆರಿಸಿ ಉಳಿದವರೊಡನೆ ಹೋಲಿಸಿ, ಪರೀಕ್ಷಿಸಿದರು. ಪಡೆದವರ ಜಾನುವಾರು ಆದಾಯ ನಿಜಕ್ಕೂ ಏರಿತ್ತು. ಆದರೆ ಜಾನುವಾರು ನೋಡಿಕೊಳ್ಳಲು ಅವರು ಕೂಲಿ ಕೆಲಸ ಬಿಟ್ಟುಕೊಟ್ಟಿದ್ದರು. ಏನೂ ಪಡೆಯದವರು ಅದೇ ಅವಧಿಯಲ್ಲಿ ಕೂಲಿಯಿಂದಲೇ ಅಷ್ಟು ಗಳಿಸಿದ್ದರು. ಹಾಗಾಗಿ ಒಟ್ಟು ಆದಾಯದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಹೋಲಿಕೆಯ ಗುಂಪು ಇಲ್ಲದಿದ್ದರೆ ಅದು ದೊಡ್ಡ ಯಶಸ್ಸಿನಂತೆಯೇ ಕಾಣುತ್ತಿತ್ತು. ನಿಮ್ಮ ಪ್ರಶ್ನಾವಳಿಯಲ್ಲಿ ಮೇಕೆಯ ಲೆಕ್ಕದ ಜೊತೆಗೆ ಕೂಲಿಯ ದಿನಗಳನ್ನೂ ತಪ್ಪದೆ ಕೇಳಿ.

ಉತ್ತರ 3

ಮೇಲಿನ ಉದಾಹರಣೆ ಓದಿ ಕೈಚೆಲ್ಲಬೇಡಿ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಪಾಕಿಸ್ತಾನ, ಪೆರು ಮತ್ತು ನಮ್ಮ ಪಶ್ಚಿಮ ಬಂಗಾಳದಲ್ಲಿ ಇಂಥದೇ ಕಾರ್ಯಕ್ರಮಗಳ ಮೇಲೆ ಸುಮಾರು 10,500 ಕುಟುಂಬಗಳನ್ನೊಳಗೊಂಡು ನಡೆದ ಪ್ರಯೋಗಗಳ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ, ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳ ಊಟ ಮತ್ತು ಖರ್ಚು ಸುಧಾರಿಸಿಯೇ ಇತ್ತು. ಹೊಂಡುರಾಸಿನಲ್ಲಿ ಮಾತ್ರ, ಕೊಟ್ಟ ಕೋಳಿಗಳು ರೋಗಕ್ಕೆ ಸತ್ತುದರಿಂದ ಹೂಡಿದ ಹಣಕ್ಕೆ ತಕ್ಕ ಫಲ ಸಿಗಲಿಲ್ಲ. ಎಲ್ಲ ದೇಶಗಳ ಸರಾಸರಿಯೊಂದನ್ನೇ ನೋಡಿದ್ದರೆ ಆ ಕೋಳಿಗಳ ಸಾವು ಅದರೊಳಗೆ ಮುಚ್ಚಿಹೋಗುತ್ತಿತ್ತು. ಆದ್ದರಿಂದ ಪಶುವೈದ್ಯರು ಎಷ್ಟು ಸಲ ಬಂದರು, ಎಷ್ಟು ಮರಿಗಳು ಉಳಿದವು ಎಂಬುದನ್ನು ಊರುವಾರು ಬರೆದಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಎರಡನೆಯ ಸರದಿಯ ಹಣದ ಬಗ್ಗೆ ಪತ್ರ ಬರೆದಿದ್ದೇನೆ, ಕೂಲಿಯ ದಿನಗಳನ್ನು ಪ್ರಶ್ನಾವಳಿಗೆ ಸೇರಿಸಿದ್ದೇನೆ. ಒಪ್ಪಿಗೆ ಬಂದರೆ, 40 ಊರುಗಳ ಮಹಿಳಾ ಸಂಘಗಳ ಪ್ರತಿನಿಧಿಗಳನ್ನು ಒಂದೆಡೆ ಕೂರಿಸಿ, ಅವರ ಕೈಯಿಂದಲೇ ಚೀಟಿ ಎತ್ತಿಸುತ್ತೇವೆ.