ಹೆದರಿಸೋ ವಿಡಿಯೊ ಜೊತೆಗೆ ಇದನ್ನೂ ಹಾಕು

ಅಣ್ಣಾ, ಬಿರುಕು ಬಿಟ್ಟ ಕೆರೆ, ಖಾಲಿ ಕೊಡ, ‘ಬೆಂಗಳೂರಲ್ಲಿ ನೀರು ಮುಗೀತು’ ಅನ್ನೋ ಆ ವಿಡಿಯೊ ನೋಡಿದೆ. ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕ್ಲಾ ಅಂತ ಕೇಳಿದೀಯಲ್ಲ, ಹಾಕು. ಆದ್ರೆ ಅದೊಂದನ್ನೇ ಹಾಕ್ಬೇಡ.

ಹೆದರಿದವರ ಕೈಗೆ ಆಗಲೇ ಒಂದು ಕೆಲಸ ಸಿಗದಿದ್ರೆ ‘ಇದೆಲ್ಲ ಸುಳ್ಳು’ ಅಂತಾರೆ, ಇಲ್ಲ ‘ನಾನೊಬ್ಬ ಉಳಿಸಿದ್ರೆ ಏನಾಗುತ್ತೆ’ ಅಂತ ಕೈಚೆಲ್ತಾರೆ. 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞ ಹೊವರ್ಡ್ ಲೆವೆಂಥಾಲ್ ತಂಡದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಹೆದರಿಸೋ ಪುಸ್ತಿಕೆ ಕೊಟ್ಟಿದ್ರು. ಬರೀ ಓದಿದವರಲ್ಲಿ ಲಸಿಕೆ ಹಾಕಿಸ್ಕೊಂಡಿದ್ದು ಸುಮಾರು 3%. ಆರೋಗ್ಯ ಕೇಂದ್ರದ ನಕ್ಷೆ ಕೊಟ್ಟು, ಯಾವಾಗ ಹೋಗ್ತೀರ ಅಂತ ಯೋಚಿಸೋಕೆ ಹೇಳಿದವರಲ್ಲಿ 28%. ಇನ್ನೂ ಜಾಸ್ತಿ ಹೆದರಿಸಿದ್ದಕ್ಕೆ ಏನೂ ವ್ಯತ್ಯಾಸ ಆಗ್ಲಿಲ್ಲ, ಇದನ್ನ ನೆನಪಿಟ್ಕೋ.

ದಕ್ಷಿಣ ಆಫ್ರಿಕಾದ ಕೇಪ್ ಟೌನಲ್ಲೂ 2018ರಲ್ಲಿ ‘ಡೇ ಝೀರೋ’, ಅಂದ್ರೆ ನಲ್ಲಿ ನೀರು ನಿಲ್ಲೋ ದಿನ, ಬರ್ತಿದೆ ಅಂತ ಹೆದರಿಸಿದ್ರು. ಆದ್ರೆ ಜೊತೆಗೇ ಫೆಬ್ರವರಿಯಿಂದ ತಲೆಗೆ ದಿನಕ್ಕೆ 50 ಲೀಟರ್ ಅಂತ ಲೆಕ್ಕ ಕೊಟ್ರು, ಕಡಿಮೆ ಬಳಸಿದ ಮನೆಗೆ ನಕ್ಷೆಯಲ್ಲಿ ಹಸಿರು ಚುಕ್ಕಿ ಇಟ್ರು. ರೈತರು ತಮ್ಮ ಅಣೆಕಟ್ಟಿನ ನೀರು ಬಿಟ್ಟಿದ್ದು, ಆಮೇಲೆ ಮಳೆ ಬಂದಿದ್ದು ಎಲ್ಲ ಸೇರಿ ಆ ದಿನ ಬರಲೇ ಇಲ್ಲ.

ಹಾಗಾಗಿ ವಿಡಿಯೊ ಕೆಳಗೆ ಹೀಗೆ ಬರಿ: ‘ಒಂದು ಲೀಟರ್ ಜಗ್ ವಾಶ್‌ಬೇಸಿನ್ನಿನ ನಲ್ಲಿಯ ಕೆಳಗಿಟ್ಟು ನಲ್ಲಿ ಪೂರ್ತಿ ತಿರುಗಿಸಿ, ಸೆಕೆಂಡ್ ಎಣಿಸಿ. 6 ಸೆಕೆಂಡಿಗೆ ತುಂಬಿದ್ರೆ ನಿಮಿಷಕ್ಕೆ 10 ಲೀಟರ್ ಹೋಗ್ತಿದೆ. ನಿಮಿಷಕ್ಕೆ 3 ಲೀಟರ್ ಮಾತ್ರ ಬಿಡೋ ಏರೇಟರ್ (ನಲ್ಲಿ ತುದಿಗೆ ಹಾಕೋ ಸಣ್ಣ ಜಾಲರಿ) ಹಾಕಿದ್ರೆ ಅದೇ ಜಗ್ ತುಂಬೋಕೆ 20 ಸೆಕೆಂಡ್ ಬೇಕು.’ ಬಕೆಟ್ ತುಂಬೋ ನಲ್ಲಿಗೆ ಹಾಕಿಸ್ಬೇಡಿ ಅಂತಲೂ ಹೇಳು. ಅಲ್ಲಿ ನೀರು ಉಳಿಯಲ್ಲ, ಕಾಯೋದು ಜಾಸ್ತಿಯಾಗಿ ಬೇಜಾರಾಗಿ ಎಲ್ಲಾ ಕಡೆಯಿಂದ್ಲೂ ಬಿಚ್ಚಿ ಎಸೀತಾರೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಜಾಲರಿ ಮುಚ್ಕೊಳ್ಳುತ್ತೆ. ಆಗಾಗ ಬಿಚ್ಚಿ ರಾತ್ರಿ ವಿನೆಗರಲ್ಲಿ ನೆನೆಸಿ, ಬೆಳಿಗ್ಗೆ ಹಳೇ ಬ್ರಷ್‌ನಲ್ಲಿ ಉಜ್ಜಿದ್ರೆ ಸಾಕು. ಮತ್ತೆ ಹಾಕುವಾಗ ರಬ್ಬರ್ ವಾಷರ್ ಮರೆತ್ರೆ ಪಕ್ಕದಿಂದ ಸೋರುತ್ತೆ.

‘ಎಲ್ಲರೂ ನೀರು ಪೋಲು ಮಾಡ್ತಿದಾರೆ’ ಅಂತ ಮಾತ್ರ ಬರೀಬೇಡ. ಎಲ್ಲರೂ ಮಾಡ್ತಾರಲ್ಲ, ನಾವೂ ಮಾಡಿದ್ರೇನು ಅನ್ಸತ್ತೆ. ಎಷ್ಟು ಮನೆ ಏರೇಟರ್ ಹಾಕಿಸಿವೆ ಅನ್ನೋ ನಿಜವಾದ ಲೆಕ್ಕ ಪ್ರತಿ ಭಾನುವಾರ ಹಾಕು.

ಇನ್ನೊಂದು, ಏರೇಟರ್ ಹಾಕೋಕೆ ಪ್ಲಂಬರ್ ಯಾವ ದಿನ, ಎಷ್ಟು ಗಂಟೆಗೆ ಬರ್ತಾನೆ ಅಂತ ಮೊದಲು ಗೊತ್ತುಮಾಡ್ಕೋ. ವಿಡಿಯೊ ಅದರ ಹಿಂದಿನ ರಾತ್ರಿ ಹಾಕು.