ಕುತ್ತಿಗೆಯ ಸೆಂಟ್ರಲ್ ಲೈನ್: ಡ್ರೆಸ್ಸಿಂಗ್ ನಿಲ್ಲುತ್ತಿಲ್ಲ

ಪ್ರಶ್ನೆ (ಐಸಿಯು ಸ್ಟಾಫ್ ನರ್ಸ್)
ಟ್ರೇಕಿಯೋಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ಮಾಡಿದ ದಾರಿ) ಆದ ರೋಗಿಗೆ ಜುಗುಲರ್ ಲೈನ್ (ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇದೆ. ಬೆವರು, ಕಫ ತಾಗಿ ಪಾರದರ್ಶಕ ಡ್ರೆಸ್ಸಿಂಗ್ ಎರಡನೇ ದಿನಕ್ಕೇ ಅಂಚು ಬಿಡುತ್ತದೆ. 7 ದಿನ ಇಡಬೇಕಲ್ಲ, ಮೇಲೆ ಟೇಪ್ ಹಾಕಿ ಮುಂದುವರಿಸಬಹುದೇ? ಆಂಟಿಬಯಾಟಿಕ್ ಮುಲಾಮು ಹಚ್ಚಬೇಕೇ?

ಉತ್ತರ 1 (ಸೋಂಕು ನಿಯಂತ್ರಣ ನರ್ಸ್)
ಟೇಪ್ ಬೇಡ ಸಿಸ್ಟರ್. 7 ದಿನದ ಲೆಕ್ಕ ಡ್ರೆಸ್ಸಿಂಗ್ ಒಣಗಿದ್ದು ನಾಲ್ಕೂ ಅಂಚು ಅಂಟಿಕೊಂಡಿದ್ದರೆ ಮಾತ್ರ. ಅಂಚು ಎದ್ದರೆ, ಒಳಗೆ ತೇವ ಕಂಡರೆ ಆಗಲೇ ಬದಲಿಸಿ. ರಕ್ತ ಜಿನುಗುತ್ತಿದ್ದರೆ ಗಾಜ್ (ತೆಳು ಹತ್ತಿಬಟ್ಟೆ) ಹಾಕಿ, ಅದನ್ನು 2 ದಿನಕ್ಕೊಮ್ಮೆ ಬದಲಿಸಿ.

ಬೇಗ ಕಿತ್ತು ಬರುವುದಕ್ಕೆ ಸಾಮಾನ್ಯ ಕಾರಣ, ಚರ್ಮ ಒದ್ದೆ ಇರುವಾಗಲೇ ಅಂಟಿಸುವುದು. ಲೈನ್ ಹಿಡಿದುಕೊಂಡು ಹಳೆಯದನ್ನು ಲೈನ್ ಚರ್ಮ ಹೊಕ್ಕ ತೂತಿನ ದಿಕ್ಕಿಗೇ ಬಿಡಿಸಿ, ಕೈ ಶುಚಿ ಮಾಡಿ ಸ್ಟೆರೈಲ್ ಗ್ಲೌಸ್ ಹಾಕಿ. 70% ಆಲ್ಕೋಹಾಲ್‌ನಲ್ಲಿರುವ 2% ಕ್ಲೋರ್‌ಹೆಕ್ಸಿಡಿನ್‌ನಿಂದ (ರೋಗಾಣುನಾಶಕ) 30 ಸೆಕೆಂಡು ಹಿಂದೆ ಮುಂದೆ ಉಜ್ಜಿ, ತಾನಾಗಿಯೇ ಒಣಗಲು ಬಿಡಿ. ಒರೆಸಬೇಡಿ, ಗಾಳಿ ಬೀಸಬೇಡಿ. ಒದ್ದೆಯಲ್ಲಿ ಮುಚ್ಚಿದರೆ ಚರ್ಮವೂ ಸುಡುತ್ತದೆ. ಗಡ್ಡವಿದ್ದರೆ ಕ್ಲಿಪ್ಪರ್‌ನಿಂದ ಕತ್ತರಿಸಿ. ರೇಜರ್ ಗೀರಿದ ಕಡೆ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಮುಲಾಮು ಬೇಡವೇ ಬೇಡ. ಫಂಗಸ್‌ಗೆ, ಔಷಧಕ್ಕೆ ಬಗ್ಗದ ರೋಗಾಣುಗಳಿಗೆ ಅದು ದಾರಿ ಮಾಡಿಕೊಡುತ್ತದೆ. ಡಯಾಲಿಸಿಸ್ ಲೈನಿನ ವಿಷಯ ಬೇರೆ.

ಉತ್ತರ 2 (ಐಸಿಯು ವೈದ್ಯರು)
ತೂತಿನಷ್ಟೇ ಹಬ್ (ಸಿರಿಂಜ್ ಜೋಡಿಸುವ, ಲೈನಿನ ಹೊರತುದಿ) ಕೂಡ ಮುಖ್ಯ. ಮೊದಲ ದಿನಗಳಲ್ಲಿ ರೋಗಾಣು ಚರ್ಮದಿಂದ ಲೈನಿನ ಹೊರಮೈ ಹಿಡಿದು ಇಳಿಯುತ್ತದೆ; ದಿನ ಕಳೆದಂತೆ ಹಬ್‌ನಿಂದ ಒಳಮೈಗೆ. ಪ್ರತಿ ಸಲ ಹಬ್ ಅನ್ನು 15 ಸೆಕೆಂಡು ಆಲ್ಕೋಹಾಲ್ ಸ್ವಾಬ್‌ನಿಂದ ಉಜ್ಜಿ, ಒಣಗಿದ ಮೇಲೆ ಸಿರಿಂಜ್ ಜೋಡಿಸಿ. ಹಬ್‌ಗಳನ್ನು ಟ್ರೇಕಿಯೋಸ್ಟಮಿಯಿಂದ ದೂರ, ಎದೆಯ ಕಡೆಗೆ ತಿರುಗಿಸಿಡಿ. ಪ್ರೊಪೋಫಾಲ್ (ಮಂಪರು ಬರಿಸುವ ಔಷಧ) ಟ್ಯೂಬಿಂಗ್ 12 ಗಂಟೆಯೊಳಗೆ, ರಕ್ತ ಮತ್ತು (ಕೊಬ್ಬಿನ ದ್ರಾವಣವಾದ) ಲಿಪಿಡ್‌ನದು 24 ಗಂಟೆಯೊಳಗೆ ಬದಲಿಸಬೇಕು. ಉಳಿದವನ್ನು 96 ಗಂಟೆಗೆ ಮೊದಲು ಮುಟ್ಟುವ ಅಗತ್ಯವಿಲ್ಲ.

ರಕ್ತ ಹೆಪ್ಪುಗಟ್ಟುವಿಕೆ ಸರಿಯಿದ್ದು, ಮುಂದೆ ಡಯಾಲಿಸಿಸ್ ಬೇಕಾಗದಿದ್ದರೆ ಇಂಥವರಿಗೆ ಸಬ್‌ಕ್ಲೇವಿಯನ್ ಲೈನ್ (ಕೊರಳೆಲುಬಿನ ಕೆಳಗಿನ ರಕ್ತನಾಳದ್ದು) ಲೇಸು. ತುರ್ತಿನಲ್ಲಿ ಶುಚಿತ್ವ ಪಾಲಿಸದೆ ಹಾಕಿದ್ದನ್ನು 48 ಗಂಟೆಯೊಳಗೆ ಬದಲಿಸಿ. ಉಳಿದಂತೆ ದಿನ ಎಣಿಸಿ ಲೈನ್ ಬದಲಿಸುವುದರಿಂದ ಲಾಭವಿಲ್ಲ. ಬೇಡವಾದ ದಿನವೇ ತೆಗೆಯಿರಿ.

ಪ್ರಶ್ನೆ ಕೇಳಿದವರು
ತೂತು ಕೆಂಪಾಗಿಲ್ಲ, ಆದರೆ ಜ್ವರ ಬಂದರೆ?

ಉತ್ತರ 2 ಬರೆದವರು
ಕೆಂಪಿಲ್ಲವೆಂದು ಲೈನನ್ನು ನಿರ್ದೋಷಿ ಅನ್ನಬೇಡಿ. ಆಂಟಿಬಯಾಟಿಕ್‌ಗೆ ಮೊದಲು ಲೈನಿನಿಂದಲೂ ಕೈಯ ರಕ್ತನಾಳದಿಂದಲೂ ಒಂದೇ ಹೊತ್ತಿಗೆ, ಒಂದೇ ಪ್ರಮಾಣದ ರಕ್ತ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ. ಎರಡರಲ್ಲೂ ಒಂದೇ ರೋಗಾಣು ಬಂದು, ಲೈನಿನ ಬಾಟಲಿ ಕೈಯ ಬಾಟಲಿಗಿಂತ ಕನಿಷ್ಠ 2 ಗಂಟೆ ಮೊದಲೇ ಪಾಸಿಟಿವ್ ಆದರೆ ಮೂಲ ಲೈನೇ.