2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ: ಈ ಪುಟ್ಟ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ಪುಟ್ಟಪೆಟ್ಟಿಗೆ

ನಮಸ್ಕಾರ. ಲ್ಯಾಪ್‌ಟಾಪ್ 11.6 ಇಂಚಿನದು. ಇಂಟೆಲ್ ಆಟಮ್ ಎಕ್ಸ್5-ಝಡ್8350, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ. ಇಎಂಎಂಸಿ ಎಂದರೆ ಇದರ ಡಿಸ್ಕು. ಅದೂ ರ‍್ಯಾಮೂ ಬೋರ್ಡಿಗೇ ಬೆಸುಗೆ, ಬದಲಿಸುವ ಹಾಗಿಲ್ಲ. ಈಗಿರುವುದು ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಅದು ಹಾಗಿರಲಿ, ಸಿ ಡ್ರೈವ್ ತುಂಬಿ ಕೆಂಪಾಗಿ ಕೂತಿದೆ.

ಆಗಬೇಕಾದ ಕೆಲಸ: ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪಿಂಗ್, ಲಿಬ್ರೆಆಫೀಸ್, ನಾಲ್ಕೈದು ಟ್ಯಾಬ್ ಬ್ರೌಸಿಂಗ್, ಆಗೊಮ್ಮೆ ಈಗೊಮ್ಮೆ ಯೂಟ್ಯೂಬ್. ಉಬುಂಟು 24.04 ಅನ್ನು ಪೆನ್‌ಡ್ರೈವಿಗೆ ಬರೆದು ಹಾಕಿದರೆ ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣುವುದೇ ಇಲ್ಲ. ಅದೇ ಪೆನ್‌ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ಸಲೀಸಾಗಿ ಬೂಟ್ ಆಗುತ್ತದೆ. ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಹಾಕಲಿ? ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಬಹುದೇ?

ಟರ್ಮಿನಲ್ ತಿಮ್ಮ

ಪೆನ್‌ಡ್ರೈವ್ ಕೆಟ್ಟಿಲ್ಲ. ಆ ಪೀಳಿಗೆಯ ಅಗ್ಗದ ಆಟಮ್ ಮಷೀನುಗಳಲ್ಲಿ ಪ್ರೊಸೆಸರ್ 64 ಬಿಟ್, ಆದರೆ ಬಹಳಷ್ಟರಲ್ಲಿ ಯುಇಎಫ್‌ಐ (ಆನ್ ಮಾಡಿದೊಡನೆ ಮೊದಲು ಓಡಿ ಸಿಸ್ಟಮನ್ನು ಎಬ್ಬಿಸುವ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗಿನ ತಂತ್ರಾಂಶ) ಮಾತ್ರ 32 ಬಿಟ್. ಅಂಥ ಫರ್ಮ್‌ವೇರ್ ಪೆನ್‌ಡ್ರೈವಿನ ಇಎಫ್‌ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಐಎ32 ಎಂಬ ಫೈಲನ್ನು ಹುಡುಕುತ್ತದೆ. ಉಬುಂಟು ಐಎಸ್‌ಒದಲ್ಲಿ (ಪೆನ್‌ಡ್ರೈವಿಗೆ ಬರೆಯುವ ಇನ್‌ಸ್ಟಾಲ್ ಫೈಲು) ಇರುವುದು ಬೂಟ್‌ಎಕ್ಸ್64 ಒಂದೇ. ಹುಡುಕಿದ್ದು ಸಿಗಲಿಲ್ಲವೆಂದರೆ ಆ ಪೆನ್‌ಡ್ರೈವ್ ಅದರ ಪಾಲಿಗೆ ಬರೀ ಡೇಟಾ ಡ್ರೈವ್, ಪಟ್ಟಿಗೇ ಬರುವುದಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್‌ಫೋ32 ಎಂದು ಟೈಪ್ ಮಾಡಿ. ಬಯಾಸ್ ಮೋಡ್ ಎದುರು ಯುಇಎಫ್‌ಐ, ಸಿಸ್ಟಮ್ ಟೈಪ್ ಎದುರು ಎಕ್ಸ್86 ಎಂದಿದ್ದರೆ ಫರ್ಮ್‌ವೇರ್ 32 ಬಿಟ್ಟೇ. ಯುಇಎಫ್‌ಐನಲ್ಲಿ ವಿಂಡೋಸಿನ ಬಿಟ್ ಅಳತೆಯೂ ಫರ್ಮ್‌ವೇರಿನ ಬಿಟ್ ಅಳತೆಯೂ ಒಂದೇ ಇರಲೇಬೇಕು, ಹಾಗಾಗಿ ಈ ಪರೀಕ್ಷೆ ಸುಳ್ಳಾಗುವುದಿಲ್ಲ.

ನನ್ನ ಆಯ್ಕೆ ಡೆಬಿಯನ್ 13, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್ ಜೊತೆ. 64 ಬಿಟ್ ಸಿಸ್ಟಮ್, 32 ಬಿಟ್ ಯುಇಎಫ್‌ಐ ಎಂಬ ಬೆರಕೆಯನ್ನು ಡೆಬಿಯನ್ ಇನ್‌ಸ್ಟಾಲರ್ ತಾನೇ ಗುರುತಿಸಿ ಸರಿಯಾದ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಬೂಟ್ ತಂತ್ರಾಂಶ) ಹಾಕುತ್ತದೆ. 12ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅಧಿಕೃತ ಐಎಸ್‌ಒದಲ್ಲೇ ಬರುತ್ತಿರುವುದರಿಂದ ವೈಫೈಗೆ ಮೊದಲಿನಷ್ಟು ಪರದಾಟವಿಲ್ಲ. 13ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಸೇರಿ 2030ರ ಜೂನ್‌ವರೆಗೆ ಭದ್ರತಾ ಅಪ್‌ಡೇಟ್ ಇದೆ. ಈ ಮಷೀನಿನ ಆಯುಷ್ಯಕ್ಕೆ ಧಾರಾಳ ಸಾಕು.

ಡ್ಯುಯಲ್ ಬೂಟ್, ಅಂದರೆ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುವುದು, ಬೇಡ. 32 ಜಿಬಿ ಎಂದು ಬರೆದಿದ್ದರೂ ಲೆಕ್ಕಕ್ಕೆ ಸಿಗುವುದು 29 ಚಿಲ್ಲರೆ. ಅದರಲ್ಲಿ ವಿಂಡೋಸಿಗೇ ಉಸಿರು ಕಟ್ಟಿದೆ, ಇನ್ನೊಬ್ಬರಿಗೆ ಎಲ್ಲಿ ಜಾಗ?

ರಾಗಿಮುದ್ದೆ64

2 ಜಿಬಿಗೆ ಡೆಬಿಯನ್ ಯಾಕೆ ತಿಮ್ಮಣ್ಣ, ಆಂಟಿಎಕ್ಸ್ ಹಾಕ್ಸಿ. ಹಿನ್ನೆಲೆ ಸೇವೆಗಳನ್ನ ನಡೆಸೋ ಸಿಸ್ಟಮ್‌ಡಿ ಇಲ್ಲ, ಪೂರ್ತಿ ಡೆಸ್ಕ್‌ಟಾಪ್ ಬದಲು ಬರೀ ವಿಂಡೋ ಮ್ಯಾನೇಜರ್ ಮೇಲೆ ಓಡುತ್ತೆ, ಬೂಟ್ ಆದ್ಮೇಲೆ ರ‍್ಯಾಮ್ ತಿನ್ನೋದು ಎಲ್‌ಎಕ್ಸ್‌ಕ್ಯೂಟಿಗಿಂತ ಎಷ್ಟೋ ಕಮ್ಮಿ. ಉಬುಂಟುವಿನ ಹಗುರ ರೂಪ ಲುಬುಂಟು ಮಾತ್ರ ಬೇಡ. ಅದರಲ್ಲೂ ಎಲ್‌ಎಕ್ಸ್‌ಕ್ಯೂಟಿನೇ, ಆದ್ರೆ ಫೈರ್‌ಫಾಕ್ಸ್ ಸ್ನ್ಯಾಪ್ (ಬೇಕಾದ್ದನ್ನೆಲ್ಲ ಒಳಗೇ ತುಂಬಿಕೊಂಡ ಪ್ಯಾಕೇಜು) ಆಗಿ ಬರುತ್ತೆ. ಇಎಂಎಂಸಿ ಮೇಲೆ ಸ್ನ್ಯಾಪ್ ಮೊದಲ ಸಲ ತೆರೆಯೋಷ್ಟರಲ್ಲಿ ಕಾಫಿ ಕುಡ್ಕೊಂಡು ಬರಬಹುದು. ಹಳೇ ಆವೃತ್ತಿಯ ಪ್ರತಿ ಬೇರೆ ಡಿಸ್ಕಲ್ಲಿ ಉಳ್ಕೊಳ್ಳುತ್ತೆ.

ಟರ್ಮಿನಲ್ ತಿಮ್ಮ

ಲುಬುಂಟು ಬಗ್ಗೆ ಒಪ್ಪಿದೆ. ಆಂಟಿಎಕ್ಸ್ ಹಗುರ ಎನ್ನುವುದೂ ನಿಜ. ಆದರೆ ಅಲ್ಲಿ ಉಳಿಯುವ ಇನ್ನೂರು ಎಂಬಿ ಬ್ರೌಸರಿನ ಒಂದೇ ಟ್ಯಾಬಿಗೆ ಮುಗಿಯಿತು. 2 ಜಿಬಿಯಲ್ಲಿ ರ‍್ಯಾಮ್ ನುಂಗುವುದು ಬ್ರೌಸರ್, ಡೆಸ್ಕ್‌ಟಾಪ್ ಅಲ್ಲ. ಈ ಬಗೆಯ ಮಷೀನಿನಲ್ಲಿ ಕಾಡುವುದು ಬೂಟ್, ಸೌಂಡ್, ವೈಫೈ. ಅಲ್ಲಿ ಯಾರ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಫರ್ಮ್‌ವೇರ್ ಪ್ಯಾಕೇಜು ಗಟ್ಟಿಯೋ ಅವರ ಕಡೆ ಹೋಗುವುದು ಒಳ್ಳೆಯದು.

ಪುಟ್ಟಪೆಟ್ಟಿಗೆಯವರೇ, ಹಾಕುವ ಕ್ರಮ ಹೀಗಿದೆ.

ಮೊದಲು ವಿಂಡೋಸಿನಲ್ಲಿರುವಾಗಲೇ ಫೈಲುಗಳ ಜೊತೆ ಡ್ರೈವರ್‌ಸ್ಟೋರ್ ಫೋಲ್ಡರನ್ನೂ ಹೊರಗೆ ನಕಲು ಮಾಡಿಟ್ಟುಕೊಳ್ಳಿ. ಮುಂದೆ ವಿಂಡೋಸಿಗೆ ಮರಳಬೇಕಾದರೆ ಈ ಮಾಡೆಲ್‌ಗಳ ಡ್ರೈವರ್ ಸಿಗುವುದು ಕಷ್ಟ. ಟಚ್‌ಸ್ಕ್ರೀನ್ ಇದ್ದರಂತೂ ಮರೆಯಬೇಡಿ: ಸೈಲೀಡ್ ಚಿಪ್ಪಿನ ಟಚ್ ಆಗಿದ್ದರೆ ಅದರ ಫರ್ಮ್‌ವೇರ್ ಅಡಗಿರುವುದೇ ವಿಂಡೋಸ್ ಡ್ರೈವರಿನ ಒಳಗೆ.

ಡೆಬಿಯನ್ ತಾಣದಿಂದ ಎಎಂಡಿ64 ನೆಟ್‌ಇನ್‌ಸ್ಟ್ (ಉಳಿದದ್ದನ್ನು ನೆಟ್‌ನಿಂದ ಎಳೆಯುವ) ಐಎಸ್‌ಒ ಇಳಿಸಿ, 800 ಎಂಬಿಯೊಳಗಿದೆ. ಹೆಸರಿನಲ್ಲಿ ಎಎಂಡಿ ಎಂದಿದ್ದರೂ ಇಂಟೆಲ್‌ಗೂ ಅದೇ. ರೂಫಸ್ ಎಂಬ ತಂತ್ರಾಂಶದಲ್ಲಿ ಪೆನ್‌ಡ್ರೈವಿಗೆ ಬರೆಯುವಾಗ ಐಎಸ್‌ಒ ಮೋಡೋ ಡಿಡಿ ಮೋಡೋ ಎಂದು ಕೇಳಿದರೆ ಡಿಡಿ. ಬರೆದ ಮೇಲೆ ಬೂಟ್ ಫೋಲ್ಡರಿನಲ್ಲಿ ಬೂಟ್‌ಐಎ32 ಇದೆಯೇ ಎಂದು ಕಣ್ಣಾರೆ ನೋಡಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮತ್ತು ಫಾಸ್ಟ್ ಬೂಟ್ ಎರಡನ್ನೂ ಆಫ್ ಮಾಡಿ.

ಇನ್‌ಸ್ಟಾಲರಿನಲ್ಲಿ ಜನ ಎಡವುವುದು ಮೂರು ಕಡೆ.

ಒಂದು, ರೂಟ್ (ಸಿಸ್ಟಮಿನ ಒಡೆಯನ ಖಾತೆ) ಪಾಸ್‌ವರ್ಡ್. ಎರಡೂ ಖಾನೆ ಖಾಲಿ ಬಿಟ್ಟು ಮುಂದೆ ಹೋಗಿ. ಆಗ ನೀವು ಸೃಷ್ಟಿಸುವ ಬಳಕೆದಾರನಿಗೆ ಸುಡೊ (ಒಡೆಯನಾಗಿ ಆಜ್ಞೆ ಕೊಡುವ) ಅಧಿಕಾರ ತಾನಾಗಿ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟಿರೋ, ಆಮೇಲೆ ಸುಡೊ ಎಂದಾಗಲೆಲ್ಲ ನಿನ್ನ ಹೆಸರು ಪಟ್ಟಿಯಲ್ಲಿಲ್ಲ ಎಂದು ಬೈಸಿಕೊಳ್ಳುತ್ತೀರಿ.

ಎರಡು, ಪಾರ್ಟಿಶನ್. ಮ್ಯಾನ್ಯುವಲ್ ಆರಿಸಿ. ಪಟ್ಟಿಯಲ್ಲಿ ಎಂಎಂಸಿಬಿಎಲ್‌ಕೆ ಹೆಸರಿನ ಸಾಧನ ಕಾಣುತ್ತದೆ. ಅದೇ ಹೆಸರಿಗೆ ಬೂಟ್0, ಬೂಟ್1 ಎಂದು ಬಾಲ ಅಂಟಿದ, ಕೆಲವೇ ಎಂಬಿಯ ಸಾಧನಗಳೂ ಕಾಣಬಹುದು, ಅವನ್ನು ಮುಟ್ಟಲೇಬೇಡಿ. ದೊಡ್ಡದರಲ್ಲಿ ಇರುವುದನ್ನೆಲ್ಲ ಅಳಿಸಿ, 512 ಎಂಬಿ ಇಎಫ್‌ಐ ಪಾರ್ಟಿಶನ್, ಉಳಿದದ್ದಷ್ಟೂ ಸಿಸ್ಟಮ್ ಕೂರುವ ಎಕ್ಸ್‌ಟಿ4 ರೂಟ್ ಪಾರ್ಟಿಶನ್. ಮೌಂಟ್ ಆಯ್ಕೆಗಳಲ್ಲಿ ನೋಎಟೈಮ್ ಗುರುತು ಹಾಕಿ. ಫೈಲು ಓದಿದಾಗಲೂ ಸಮಯ ಬರೆದಿಡುವ ಕೆಲಸ ಇಎಂಎಂಸಿಗೆ ತಪ್ಪುತ್ತದೆ. ಸ್ವಾಪ್ (ರ‍್ಯಾಮ್ ತುಂಬಿದಾಗಿನ ಹೆಚ್ಚುವರಿ ಜಾಗ) ಪಾರ್ಟಿಶನ್ ಮಾಡಬೇಡಿ. ಸ್ವಾಪ್ ಇಲ್ಲವಲ್ಲ, ಹಿಂದೆ ಹೋಗುತ್ತೀರಾ ಎಂದು ಕೇಳುತ್ತದೆ, ಇಲ್ಲ ಎನ್ನಿ.

ಮೂರು, ಸಾಫ್ಟ್‌ವೇರ್ ಆಯ್ಕೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಮೊದಲೇ ಟಿಕ್ ಆಗಿರುತ್ತದೆ. ತೆಗೆದು ಎಲ್‌ಎಕ್ಸ್‌ಕ್ಯೂಟಿಗೆ ಟಿಕ್ ಹಾಕಿ. ಟಿಕ್ ಮಾಡಲು ಸ್ಪೇಸ್ ಒತ್ತಬೇಕು. ಎಂಟರ್ ಒತ್ತಿದರೆ ಮುಂದಿನ ಪರದೆಗೇ ಹೋಗಿಬಿಡುತ್ತದೆ.

ನಡುವೆ ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇನ್‌ಸ್ಟಾಲರಿಗೆ ಅದು ತಂತಿಯ ನೆಟ್‌ವರ್ಕ್ ಆಗಿ ಕಾಣುತ್ತದೆ, ಡ್ರೈವರ್ ಬೇಕಿಲ್ಲ. ಲೆಕ್ಕವಿಟ್ಟು ಕೊಡುವ ಡೇಟಾ ಪ್ಯಾಕ್ ಆಗಿದ್ದರೆ ಮಾತ್ರ ಹುಷಾರು, ಒಂದೆರಡು ಜಿಬಿ ಎಳೆಯುತ್ತದೆ.

ಪುಟ್ಟಪೆಟ್ಟಿಗೆ

ಎಕ್ಸ್86 ಎಂದೇ ಇತ್ತು. ಡೆಬಿಯನ್ ಪೆನ್‌ಡ್ರೈವ್ ಪಟ್ಟಿಯಲ್ಲಿ ಬಂತು, ಇನ್‌ಸ್ಟಾಲ್ ತಪ್ಪಿಲ್ಲದೆ ಮುಗಿಯಿತು. ಆದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ನೇರ ಬಯಾಸ್ ಪರದೆಗೆ ಹೋಗಿ ನಿಲ್ಲುತ್ತದೆ. ಡಿಸ್ಕೇ ಕಾಣದ ಹಾಗೆ.

ಕಪ್ಪುಪರದೆ

ಡೆಬಿಯನ್ ತನ್ನ ಬೂಟ್ ಫೈಲನ್ನು ಇಎಫ್‌ಐ ಪಾರ್ಟಿಶನ್ನಿನಲ್ಲಿ ಡೆಬಿಯನ್ ಎಂಬ ಫೋಲ್ಡರಿನಲ್ಲಿಟ್ಟು, ಅದರ ವಿಳಾಸವನ್ನು ಫರ್ಮ್‌ವೇರಿನ ನೆನಪಿಗೆ ಬರೆಯುತ್ತದೆ. ಅಗ್ಗದ ಫರ್ಮ್‌ವೇರ್ ಆ ವಿಳಾಸವನ್ನು ರೀಸ್ಟಾರ್ಟಿನಲ್ಲಿ ಮರೆತುಬಿಡುತ್ತದೆ, ಇಲ್ಲವೇ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಜಾಗ: ವಿಂಡೋಸಿನದು, ಮತ್ತು ಪೆನ್‌ಡ್ರೈವಿನಲ್ಲಿ ನೋಡಿದ ಅದೇ ಬೂಟ್ ಫೋಲ್ಡರ್.

ಮತ್ತೆ ಇನ್‌ಸ್ಟಾಲ್ ಮಾಡುವುದು ಬೇಡ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ರೆಸ್ಕ್ಯೂ ಮೋಡ್‌ಗೆ ಹೋಗಿ. ಭಾಷೆ, ಕೀಬೋರ್ಡ್ ಕೇಳಿದ ಮೇಲೆ ರೂಟ್ ಪಾರ್ಟಿಶನ್ ಯಾವುದೆಂದು ಕೇಳುತ್ತದೆ: ಎಂಎಂಸಿಬಿಎಲ್‌ಕೆ ಸಾಲಿನ ಪಿ2. ಆಮೇಲೆ ಬರುವ ಮೆನುವಿನಲ್ಲಿ ಗ್ರಬ್ಬನ್ನು ಬಲವಂತವಾಗಿ ರಿಮೂವೆಬಲ್ ಮೀಡಿಯಾ ಜಾಗಕ್ಕೆ ಹಾಕುವ ಸಾಲೊಂದಿದೆ. ಅದನ್ನು ಆರಿಸಿ, ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿ.

ಪುಟ್ಟಪೆಟ್ಟಿಗೆ

ಡೆಸ್ಕ್‌ಟಾಪ್ ಬಂತು! ಉಳಿದ ತೊಂದರೆಗಳು: ಸೌಂಡ್ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಒಂದೇ ತೋರಿಸುತ್ತದೆ, ಸ್ಪೀಕರ್ ಇಲ್ಲ. ವೈಫೈ ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ. ಚಿಪ್ ಯಾವುದೆಂದು ನೋಡಲು ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಎರಡೂ ಆಜ್ಞೆ ಕೊಟ್ಟೆ, ಎಲ್ಲೂ ಇಲ್ಲ. ಯೂಟ್ಯೂಬ್ 720ರಲ್ಲೂ ತಡವರಿಸುತ್ತದೆ. ಐದನೇ ಟ್ಯಾಬಿಗೆ ಮಷೀನೇ ಮರಗಟ್ಟುತ್ತದೆ.

ಕಪ್ಪುಪರದೆ

ಸೌಂಡ್: ಚೆರ‍್ರಿ ಟ್ರೇಲ್‌ನಲ್ಲಿ (ನಿಮ್ಮ ಪ್ರೊಸೆಸರಿನ ಪೀಳಿಗೆಯ ಹೆಸರು) ಸ್ಪೀಕರ್ ಇರುವುದು ಬೇರೆ ದಾರಿಯಲ್ಲಿ, ಅದಕ್ಕೆ ಇಂಟೆಲ್‌ನ ಡಿಎಸ್‌ಪಿ (ಸದ್ದಿನ ಸಂಸ್ಕಾರಕ) ಫರ್ಮ್‌ವೇರ್ ಬೇಕು. ಫರ್ಮ್‌ವೇರ್-ಇಂಟೆಲ್-ಸೌಂಡ್ ಮತ್ತು ಆಲ್ಸಾ-ಯುಸಿಎಂ-ಕಾನ್ಫ್ ಪ್ಯಾಕೇಜು ಹಾಕಿ, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ. ಎರಡನೆಯದು ಇಲ್ಲದಿದ್ದರೆ ಸ್ಪೀಕರ್ ಹೆಸರು ಬಂದರೂ ಸದ್ದು ಬರುವುದಿಲ್ಲ. ಯಾವ ದ್ವಾರಕ್ಕೆ ಸದ್ದು ಕಳಿಸಬೇಕೆಂದು ಹೇಳುವುದೇ ಅದು.

ವೈಫೈ: ಎರಡರಲ್ಲೂ ಕಾಣಲಿಲ್ಲ ಎಂದರೆ ಚಿಪ್ಪು ಎಸ್‌ಡಿಐಒ (ಎಸ್‌ಡಿ ಕಾರ್ಡಿನ ಬಗೆಯ ಸಂಪರ್ಕ) ದಾರಿಯಲ್ಲಿದೆ. ಬಹುಮಟ್ಟಿಗೆ ರಿಯಲ್‌ಟೆಕ್ 8723ಬಿಎಸ್. ಡ್ರೈವರ್ 4.12ನೇ ಆವೃತ್ತಿಯಿಂದ ಕರ್ನಲ್ ಒಳಗೇ ಇದೆ, ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜೂ ಇರಲಿ. ಕಡಿದುಹೋಗುವುದಕ್ಕೆ ಮೊದಲ ಅನುಮಾನ ಪವರ್ ಸೇವಿಂಗ್ ಮೇಲೆ. ನೆಟ್‌ವರ್ಕ್‌ಮ್ಯಾನೇಜರ್ ಸೆಟ್ಟಿಂಗ್ ಫೈಲಿನ ಕನೆಕ್ಷನ್ ವಿಭಾಗದಲ್ಲಿ ವೈಫೈ-ಡಾಟ್-ಪವರ್‌ಸೇವ್ ಬೆಲೆ 2 ಎಂದು ಬರೆಯಿರಿ. 2 ಎಂದರೆ ಆಫ್, 3 ಎಂದರೆ ಆನ್. ಜನ 0 ಬರೆದು ಆಫ್ ಆಯಿತೆಂದುಕೊಳ್ಳುತ್ತಾರೆ.

ವಿಡಿಯೋ: ಈ ಚಿಪ್ಪಿಗೆ ಹೊಸ ಇಂಟೆಲ್ ಮೀಡಿಯಾ ಡ್ರೈವರ್ ಆಗಿಬರುವುದಿಲ್ಲ, ಹಳೆಯ ಐ965 ವಿಎ ಡ್ರೈವರೇ ಬೇಕು. ವಿಡಿಯೋ ಕುಗ್ಗಿಸುವ ಬಗೆಗಳಲ್ಲಿ ಎಚ್.264ಕ್ಕೆ ಹಾರ್ಡ್‌ವೇರ್ ನೆರವಿದೆ, ಎವಿ1ಕ್ಕೆ ಇಲ್ಲ. ಯೂಟ್ಯೂಬ್ ಎಚ್.264 ಕೊಡುವಂತೆ ಮಾಡುವ ಎಚ್264ಐಫೈ ಎಕ್ಸ್‌ಟೆನ್ಶನ್ ಹಾಕಿ.

ಟರ್ಮಿನಲ್ ತಿಮ್ಮ

ಮರಗಟ್ಟುವುದಕ್ಕೆ ಝಡ್‌ರ‍್ಯಾಮ್. ರ‍್ಯಾಮಿನಲ್ಲೇ ಒಂದು ಭಾಗವನ್ನು ಕುಗ್ಗಿಸಿಟ್ಟು ಸ್ವಾಪ್ ಆಗಿ ಬಳಸುವ ಉಪಾಯ. ಝಡ್‌ರ‍್ಯಾಮ್-ಟೂಲ್ಸ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಆಲ್ಗೋ (ಕುಗ್ಗಿಸುವ ವಿಧಾನ) ಎಂಬಲ್ಲಿ ಝಡ್‌ಎಸ್‌ಟಿಡಿ, ಪರ್ಸೆಂಟ್ ಎಂಬಲ್ಲಿ 50. ಸ್ವಾಪಿನೆಸ್ (ಸ್ವಾಪ್ ಬಳಸುವ ಒಲವು) ಮೂಲದಲ್ಲಿ 60 ಇರುತ್ತದೆ, 100 ಮಾಡಿ.

ಇನ್ನೊಂದು, ಬಹಳ ಜನ ಗಮನಿಸದ್ದು: ಡೆಬಿಯನ್ 13ರಲ್ಲಿ ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ಡಿಸ್ಕಿನಲ್ಲಿಲ್ಲ, ರ‍್ಯಾಮಿನಲ್ಲಿದೆ. ಅರ್ಧ ರ‍್ಯಾಮಿನವರೆಗೂ ಬೆಳೆಯಬಲ್ಲದು. ದೊಡ್ಡ ಫೈಲೊಂದು ಅಲ್ಲಿ ಬಿಚ್ಚಿಕೊಂಡರೆ ನಿಮ್ಮ 2 ಜಿಬಿಯಲ್ಲಿ 1 ಜಿಬಿ ಹೋಯಿತು. ಸಿಸ್ಟಮ್‌ಸಿಟಿಎಲ್ ಮಾಸ್ಕ್ ಆಜ್ಞೆಯಿಂದ ಟಿಎಂಪಿ-ಡಾಟ್-ಮೌಂಟ್ ಮುಚ್ಚಿ ರೀಬೂಟ್ ಮಾಡಿ, ಡಿಸ್ಕಿಗೆ ಮರಳುತ್ತದೆ.

ರಾಗಿಮುದ್ದೆ64

ಪರ್ಸೆಂಟ್ 100 ಇಡಿ ಸಾರ್, ಹೆದರ್ಬೇಡಿ. ಅದು ಕುಗ್ಗಿಸೋಕೆ ಮುಂಚಿನ ಅಳತೆ. ಎರಡು ಜಿಬಿ ತುಂಬಿದ್ರೂ ಝಡ್‌ಎಸ್‌ಟಿಡಿಯಲ್ಲಿ ನಿಜವಾಗ್ಲೂ ಹಿಡಿಯೋದು ಅದರ ಅರ್ಧಕ್ಕಿಂತ ಕಮ್ಮಿನೇ.

ಕಗಪ ಕೀಲಿ

ಕನ್ನಡದ ವಿಷಯ ಯಾರೂ ಎತ್ತಲಿಲ್ಲ. ಇನ್‌ಸ್ಟಾಲ್ ಇಂಗ್ಲಿಷಿನಲ್ಲಿ ಮಾಡಿದ್ದರೆ ಕನ್ನಡ ಪುಟಗಳು ಚೌಕಗಳಾಗಿ ಕಂಡಾವು. ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜು ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಬರುತ್ತವೆ. ನೋಟೊ ಕನ್ನಡ ಬೇಕಿದ್ದರೆ ಫಾಂಟ್ಸ್-ನೋಟೊ-ಕೋರ್.

ನುಡಿ ಕೀಲಿಮಣೆ ಎಂದರೆ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ. ಅದು ಎರಡು ರೂಪದಲ್ಲಿ ಸಿಗುತ್ತದೆ, ಗೊಂದಲ ಆಗುವುದು ಇಲ್ಲೇ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕಾಣುವ ಕಗಪ ಎಕ್ಸ್‌ಕೆಬಿ ಎಂಬ ಸರಳ ಕೀಬೋರ್ಡ್ ವ್ಯವಸ್ಥೆಯದು. ಅದು ಹಿಂದಿನ ಅಕ್ಷರ ನೋಡಿ ನಿರ್ಧರಿಸುವುದಿಲ್ಲ, ಹಾಗಾಗಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಒತ್ತು ಬೇಕು. ನುಡಿಯಲ್ಲಿ ಕೈ ಪಳಗಿದವರಿಗೆ ಎರಡೇ ನಿಮಿಷದಲ್ಲಿ ರೇಗುತ್ತದೆ. ಎರಡನೆಯದು ಐಬಸ್ ಎಂಬ ಟೈಪಿಂಗ್ ತಂತ್ರಾಂಶದ್ದು, ನಿಮಗೆ ಬೇಕಾದದ್ದು ಅದೇ. ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿ, ಐಎಂ-ಕಾನ್ಫಿಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್ ಪಟ್ಟಿಯ ಕನ್ನಡದ ಕೆಳಗೆ ಕೆಜಿಪಿ (ಕಗಪಕ್ಕೆ ಇಲ್ಲಿರುವ ಹೆಸರು) ಸೇರಿಸಿ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ: ಕನ್ನಡ ಎಂದು ಬಂದರೆ ಸರಿಯಾಗಿದೆ.

ಹಳೆಯ ನುಡಿ ಫೈಲುಗಳಿದ್ದರೆ ಬೇರೆ ಕತೆ. ಅವು ಆಸ್ಕಿ ಫಾಂಟಿನವು, ಲಿಬ್ರೆಆಫೀಸಿನಲ್ಲಿ ತೆರೆದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಹಾಯಿಸಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಪುಟ್ಟಪೆಟ್ಟಿಗೆ

ಸ್ಪೀಕರ್ ಬಂತು, ಪವರ್‌ಸೇವ್ 2 ಮಾಡಿದ ಮೇಲೆ ವೈಫೈ ಎರಡು ಗಂಟೆಯಿಂದ ಕಡಿದಿಲ್ಲ. ಝಡ್‌ರ‍್ಯಾಮ್ 100 ಇಟ್ಟು ಏಳು ಟ್ಯಾಬ್ ತೆರೆದೆ, ನಿಧಾನವಾಯಿತು ಆದರೆ ನಿಲ್ಲಲಿಲ್ಲ. ಇದನ್ನು ಟೈಪ್ ಮಾಡಿದ್ದು ಕೆಜಿಪಿಯಲ್ಲೇ. ಮುಚ್ಚಳ ಮುಚ್ಚಿ ನಿದ್ದೆಗೆ ಹಾಕಿದರೆ ರಾತ್ರಿಯಿಡೀ ಬ್ಯಾಟರಿ ಇಳಿಯುತ್ತದೆ, ಅದಕ್ಕೇನಾದರೂ?

ಕಪ್ಪುಪರದೆ

ಇವುಗಳಲ್ಲಿ ಹೆಚ್ಚಿನವಕ್ಕೆ ಹಳೆಯ ಎಸ್3 ಎಂಬ ಗಾಢ ನಿದ್ದೆ ಇಲ್ಲ, ಎಸ್2ಐಡಲ್ ಎಂಬ ಹಗುರ ನಿದ್ದೆ ಒಂದೇ. ಸಿಸ್ ಫೋಲ್ಡರಿನ ಪವರ್ ಒಳಗಿನ ಮೆಮ್‌ಸ್ಲೀಪ್ ಫೈಲು ಓದಿ ನೋಡಿ. ಡೀಪ್ ಎಂಬ ಪದ ಅಲ್ಲಿಲ್ಲದಿದ್ದರೆ ಬೇರೆ ದಾರಿಯಿಲ್ಲ. ರಾತ್ರಿ ಶಟ್‌ಡೌನ್ ಮಾಡಿ.